ಬೇಕರಿಯ ತಿರುಪತಿ ಲಾಡು

ಸ್ವರ್ಗಸ್ಥ ಸಿದ್ದಯ್ಯನವರ ದಿವ್ಯ ಸನ್ನಿಧಾನಕ್ಕೆ, ತಲೆಗೂದಲನ್ನು ಹುಬ್ಬಿನ ಸಮೇತ ಕಾಯಿಲೆಗೆ ಒಪ್ಪಿಸಿ ಕೂತಿರುವ ಮಗ ತೇಜಸ್‌ನ ಅರಿಕೆ.

ಸಾಕಾಗೋಗಿದೆ ಕಣಪ್ಪ. ಬಸ್ಸು ಹತ್ತಿದರೆ ಸಾಕು, "ತಿರುಪತಿಗೆ ಮುಡಿ ಕೊಟ್ಟಾ? ಲಾಡು ಎಲ್ಲಿ?" ಅಂತಾರೆ. ಇವತ್ತು ಕೋಟೆಗೆ ಹೋಗೋ ಬಸ್ಸಲ್ಲಿ ಪಕ್ಕದ ಅಜ್ಜಿಯೂ ಅದನ್ನೇ ಕೇಳಿತು. ಕಾಯಿಲೆಯ ಪುರಾಣ ಹೇಳಿ ಹೇಳಿ ಬೇಜಾರಾಗಿ, ಹುಣಸೂರಿನ ಬೇಕರಿಯಲ್ಲಿ ತಗೊಂಡಿದ್ದ ಲಾಡನ್ನು ಪರಮ ಗಂಭೀರನಾಗಿ ಕೈಗಿಟ್ಟೆ. ಅಜ್ಜಿ ಕಣ್ಣಿಗೊತ್ತಿಕೊಂಡು ತಿಂದಿತು. ನಾನು ನಗು ತಡಕೊಂಡು ಕೂತಿದ್ದೆ.

"ಯಾರ ಎಸ್ರಲ್ಲಿ ಕೊಟ್ಟೆ ಮಗ, ಮುಡಿಯ?"

"ಅಪ್ಪನ ಹೆಸರಲ್ಲಿ" ಅಂದುಬಿಟ್ಟೆ.

ನಿನ್ನ ತಿಥಿ ದಿನ ಕ್ಷೌರದ ಚೆಲುವರಾಜಣ್ಣ ನನ್ನ ಬೋಳುತಲೆಗೆ ನೀರು ಹಚ್ಚಿ, ಶಾಸ್ತ್ರಕ್ಕೆ ಒಂದು ಸಲ ಕತ್ತಿ ಆಡಿಸಿ, ಕೂದಲು ಬೀಳಲೆಂದು ಹಾಸಿದ್ದ ಬಟ್ಟೆಯನ್ನು ಕೊಡವದೇ ಮಡಚಿಟ್ಟ.

ಅಜ್ಜಿ ಇನ್ನೊಂದು ಲಾಡು ಕೇಳಿತು. ಕೊಟ್ಟೆ.