ನನ್ನ ಒಬ್ಬ ರೋಗಿ

ಜನವರಿ 12, ಭಾನುವಾರ

ಅಂಗಡಿಯ ಇಸ್ತ್ರಿ ಪೆಟ್ಟಿಗೆ ಆಫ್ ಮಾಡಿದ್ನಾ ಇಲ್ವಾ ಅಂತ ಅರ್ಧ ದಾರಿಯಿಂದ ವಾಪಸ್ ಹೋದೆ. ಆಫ್ ಆಗೇ ಇತ್ತು. ಅಷ್ಟರಲ್ಲಿ ಮೀಟಿಂಗ್ ಶುರು. ಲೈಬ್ರರಿ ಮೇಲಿನ ರೂಮು. ಹೋದ ವರ್ಷ ಮೆಡಿಕಲ್ ಸೀಟು ಸಿಕ್ಕವರು ಮುಂದೆ ಕೂತು ಹೇಳ್ತಾರೆ, ಈ ವರ್ಷ ಇಂಟರ್‌ವ್ಯೂಗೆ ಹೋಗೋರು ಬರ್ಕೋತಾರೆ. ಎಲ್ಲಾ ಚಿಕ್ಕ ಚಿಕ್ಕ ಮಕ್ಕಳು. ನನಗೆ ಇಪ್ಪತ್ತೇಳು. ಒಬ್ಬ ಹುಡುಗ ಎದ್ದು ಕುರ್ಚಿ ಕೊಟ್ಟ — ಯಾರದೋ ಅಮ್ಮ ಅಂದ್ಕೊಂಡಿರಬೇಕು.

ನಾಲ್ಕು ಜನ ಮಾತಾಡಿದರು. ನಾಲ್ವರಿಗೂ 'ಒಬ್ಬ ರೋಗಿ' ಇದ್ದರು. ಆಸ್ಪತ್ರೆಯಲ್ಲಿ ಸೇವೆ ಮಾಡುವಾಗ ಸಿಕ್ಕವರು, ಮನಸ್ಸು ತಟ್ಟಿದವರು. ಕಣ್ಣು ತುಂಬಿತು ನನಗೆ. ಹೊರಗೆ ಬಂದ ಮೇಲೆ ಹೊಳೆದದ್ದು — ನಾಲ್ಕೂ ಕಥೆಯಲ್ಲಿ ಆ ರೋಗಿ ಸಾಯ್ತಾರೆ.

ತಂಗಿ ಸೀಟು ಸಿಕ್ಕಿ ಎರಡು ವರ್ಷದ ಹಿಂದೆ ಇದೇ ರೂಮಲ್ಲಿ ಮಾತಾಡಿದ್ದಳು. ಅವಳಿಗೆ ಕೈ ಹಿಡಿದು ಅಕ್ಷರ ತಿದ್ದಿಸಿದ್ದು ನಾನು. ಈಗ ಅವಳು ನನ್ನನ್ನು ತಿದ್ದುತ್ತಾಳೆ.

"ಅಕ್ಕಾ, ಜನಸೇವೆ ಮಾಡ್ಬೇಕು ಅಂತ ಮಾತ್ರ ಹೇಳ್ಬೇಡ. ಆಕಳಿಸ್ತಾರೆ. ಯಾರಾದ್ರೂ ಒಬ್ಬರ ಬಗ್ಗೆ ಹೇಳು. ಮುಖ ಕಾಣ್ಬೇಕು ಅವರಿಗೆ."

ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಮ್ಮನ ಟೇಲರ್ ಅಂಗಡಿಯಲ್ಲಿ ಕಾಜಾ ಹಾಕ್ಕೊಂಡು ಕೂತವಳು. ಆಮೇಲೆ ಮನೇಲೇ ಓದಿ ಪರೀಕ್ಷೆ ಕಟ್ಟಿದೆ. ಹೋದ ಸಲ ರಿಟನ್ ಪಾಸು, ಇಂಟರ್‌ವ್ಯೂನಲ್ಲಿ ಡುಮ್ಕಿ. ಈ ವರ್ಷ ಬಿಟ್ಟರೆ ವಯಸ್ಸು ಮೀರ್ತು.

ನನ್ನ ಹತ್ತಿರ ಯಾರೂ ಇಲ್ಲ. ಹುಡುಕ್ಬೇಕು.

ಜನವರಿ 15

ಅಂಗಡಿ ಬಿಡುವಲ್ಲಿ ಸೇವೆಗೆ ಹೋಗೋ ಆಸ್ಪತ್ರೆಯಲ್ಲಿ ನನ್ನ ಕೆಲಸ — ನೀರಿನ ಜಗ್ಗು ತುಂಬಿಸೋದು, ವೀಲ್‌ಚೇರ್ ತಳ್ಳೋದು. ಇವತ್ತು ಬಟ್ಟೆ ಅಂಗಡಿಯಲ್ಲಿ ಥಾನು ನೋಡೋ ಹಾಗೆ ಮಂಚ ಮಂಚ ನೋಡ್ಕೊಂಡು ಹೋದೆ. ಒಬ್ಬರಿಗೆ ಮಾತೇ ಇಲ್ಲ. ಒಬ್ಬರ ಸುತ್ತ ನೆಂಟರ ಸಂತೆ. ಒಬ್ಬರಿಗೆ ಬರೀ ಕಾಲು ಮುರಿದಿದೆ, ಅದರಿಂದ ಏನಾಗುತ್ತೆ...

ಕಿಟಕಿ ಪಕ್ಕದ ಮಂಚದಲ್ಲಿ ರಿಟೈರ್ಡ್ ಬಸ್ ಕಂಡಕ್ಟರ್. ತಾತ. ಹಾರ್ಟು ವೀಕು, ಕಾಲೆಲ್ಲಾ ನೀರು ತುಂಬಿದೆ.

"ಎಲ್ಲಿಗಮ್ಮಾ?" ಅಂದರು.

"ಎಲ್ಲಿಗೂ ಇಲ್ಲ ತಾತ, ನೀರು ತುಂಬಿಸೋಕೆ ಬಂದೆ."

"ಎಲ್ಲಿಗೂ ಇಲ್ದೋಳು ಯಾಕೆ ಹತ್ತಿದೆ?"

ನರ್ಸು ಇಂಜೆಕ್ಷನ್ ಹಿಡ್ಕೊಂಡು ಬಂದರೆ, "ಮುಂದೆ ನಡೀರಿ ಮುಂದೆ ನಡೀರಿ, ಮುಂದೆ ಜಾಗ ಖಾಲಿ ಇದೆ" ಅಂತ ಪಕ್ಕದ ಮಂಚ ತೋರಿಸಿದರು.

ಹೊಟ್ಟೆ ಹಿಡ್ಕೊಂಡು ನಕ್ಕೆ. ನಗ್ತಾನೇ ಅಂದ್ಕೊಂಡೆ — ಇವರು ಆಗ್ತಾರೆ.

ಛೇ.

ಜನವರಿ 24

ತಾತನಿಗೆ ಜಾಸ್ತಿಯಾಗಿದೆ. ಮೂಗಿಗೆ ಆಕ್ಸಿಜನ್. ಅವರ ಮಗಳು ಡ್ಯೂಟಿ ಮುಗಿಸಿ ಬರೋ ತನಕ ಕೈ ಹಿಡ್ಕೊಂಡು ಕೂತೆ. ಹೆದರಿಕೆ ಆಯ್ತು, ಸುಳ್ಳಲ್ಲ. ಆದರೆ ಒಳಗೊಬ್ಬಳು ಹೇಳ್ತಾನೇ ಇದ್ದಳು — ಉಸಿರಿನ ಸದ್ದು ನೆನಪಿಟ್ಕೋ. ಬೆರಳು ಎಷ್ಟು ತಣ್ಣಗಿದೆ, ನೆನಪಿಟ್ಕೋ.

ಬಸ್ಸಲ್ಲಿ ಬರುವಾಗ ಮಾತು ಜೋಡಿಸಿದೆ. ಚೆನ್ನಾಗಿ ಬಂತು. ಚೆನ್ನಾಗಿ ಬಂತಲ್ಲ ಅಂತ ಖುಷಿಯೂ ಆಯ್ತು.

ಫೆಬ್ರವರಿ 6

ಕಿಟಕಿ ಪಕ್ಕದ ಹಾಸಿಗೆ ಮಡಚಿಟ್ಟಿತ್ತು. ನರ್ಸನ್ನು ಹುಡುಕಿ ಕೇಳಿದೆ.

"ಕಂಡಕ್ಟರ್ ತಾತನಾ? ಬೆಳಿಗ್ಗೆ ಮನೆಗೆ ಹೋದರಲ್ಲ. ನಡ್ಕೊಂಡೇ ಹೋದರು" ಅಂದಳು ನರ್ಸು.

ಮೊದಲು ಬಂದದ್ದನ್ನು ಬರೀತೀನಿ, ಯಾರು ಓದ್ತಾರೆ ಇದನ್ನ. ಅಯ್ಯೋ — ಕಥೆ ಹೋಯ್ತಲ್ಲ. ಇದೇ ಮೊದಲು ಬಂದದ್ದು. ಮನುಷ್ಯ ಬದುಕಿ ಮನೆಗೆ ಹೋದರೆ ನನಗೆ ಲುಕ್ಸಾನು ಆದ ಹಾಗೆ. ಇಂಥವಳು ಡಾಕ್ಟರ್ ಆಗ್ಬೇಕಾ?

ಖಾಲಿ ಮಂಚದ ಜಗ್ಗಿಗೂ ನೀರು ತುಂಬಿಸಿ ಬಂದೆ. ಯಾಕೋ.

ಫೆಬ್ರವರಿ 9, ಭಾನುವಾರ

ಮಾತಿನ ಮಧ್ಯೆ ಹೇಳಿದ್ದ ಗುರುತು ಹಿಡಿದು ತಾತ ಅಂಗಡಿಗೇ ಬಂದರು, ಕಂಕುಳಲ್ಲಿ ಪ್ಯಾಂಟು. "ಸೊಂಟ ಹಿಡಿದುಕೊಡಮ್ಮಾ. ನಿಮ್ಮ ಆಸ್ಪತ್ರೆಯವರು ಎರಡಿಂಚು ಹರ್ಕೊಂಡಿದ್ದಾರೆ."

ಅಮ್ಮನ ಬಾಯಿ ಸುಮ್ಮನಿರಬೇಕಲ್ಲ. "ಇವಳ ಇಂಟರ್‌ವ್ಯೂಗೆ ಯಾರೋ ಪೇಷೆಂಟ್ ಕಥೆ ಬೇಕಂತೆ."

"ನನ್ನದೇ ಹೇಳಲಿ. ನಾನೂ ಒಂದು ಸಲ ಉಪಯೋಗಕ್ಕೆ ಬರ್ತೀನಿ." ಮುಖ ಅರಳಿತು. ನಾನು ಬಗ್ಗಿ ಸೊಂಟಕ್ಕೆ ಪಿನ್ನು ಚುಚ್ತಾ ಇದ್ದೆ. ಏಳೋಕೇ ಆಗ್ಲಿಲ್ಲ.

ಸಂಜೆ ತಂಗಿ ಮುಂದೆ ಹೇಳಿ ನೋಡಿದೆ.

"ಚೆನ್ನಾಗಿದೆ ಅಕ್ಕಾ. ಆದರೆ ಕೊನೆ ಎಲ್ಲಿ? ಗುಣ ಆಗಿ ಬಂದು ಪ್ಯಾಂಟು ಹಿಡಿಸಿಕೊಂಡರು ಅಂತೀಯಾ?"

"ನಿನ್ನ ಇಂಟರ್‌ವ್ಯೂ ಕಥೆಯ ಅಜ್ಜಿ... ನಿನಗೆ ಬಾಚಣಿಗೆ ಕೊಟ್ಟು ಸತ್ತರು ಅಂತ ಹೇಳಿದ್ಯಲ್ಲ?"

"ಬೇರೆ ವಾರ್ಡಿಗೆ ಹಾಕಿದರು. ಆಮೇಲೆ ನನಗೂ ಗೊತ್ತಿಲ್ಲ. ವಯಸ್ಸಾಗಿತ್ತು, ಹೋಗೇ ಇರ್ತಾರೆ ಬಿಡು." ಮೊಬೈಲು ನೋಡ್ತಾ ಹೇಳಿದಳು.

ಮಾರ್ಚ್ 3

ಇಂಟರ್‌ವ್ಯೂ ಮುಗೀತು.

ನಿಜ ಹೇಳಬೇಕು ಅಂತಾನೇ ಹೋಗಿದ್ದೆ. ಮೂರು ಜನ ಇದ್ದರು. ನಡುವೆ ಕನ್ನಡಕದ ಡಾಕ್ಟರಮ್ಮ. ತಾತನ ಇಂಜೆಕ್ಷನ್ ವಿಷಯಕ್ಕೆ ನಕ್ಕರು. ಆಮೇಲೆ ಒಬ್ಬರು ಪೆನ್ನಿನ ಮುಚ್ಚಳ ತೆಗೆದು ಹಾಕಿ ತೆಗೆದು ಹಾಕಿ ಮಾಡೋಕೆ ಶುರು ಮಾಡಿದರು. ನನಗೆ ಹೋದ ವರ್ಷದ ಡುಮ್ಕಿ ನೆನಪಾಯ್ತು.

"ಆಮೇಲೆ? ಅವರು ಹೇಗಿದ್ದಾರೆ ಈಗ?" — ಡಾಕ್ಟರಮ್ಮ.

"ತೀರ್ಕೊಂಡರು" ಅಂದೆ.

ಅಂದೇಬಿಟ್ಟೆ. ಮತ್ತೆ ನಿಲ್ಲಿಸೋಕೆ ಬರಲಿಲ್ಲ. ಮಡಚಿಟ್ಟ ಹಾಸಿಗೆ ಹೇಳಿದೆ. ಖಾಲಿ ಮಂಚದ ಜಗ್ಗಿಗೆ ನೀರು ತುಂಬಿಸಿದ್ದು ಹೇಳಿದೆ. ಅದು ನಿಜ ತಾನೇ. ಅದನ್ನೂ ಇದಕ್ಕೆ ಹಚ್ಚಿಬಿಟ್ಟೆ. ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡರು. ನನಗೂ ಅಳು ಬಂತು. ನಿಜವಾದ ಅಳು. ಯಾಕೆ ಬಂತು ಅಂತ ಅವರಿಗೇನು ಗೊತ್ತು.

ಅಂಗಡಿಗೆ ಬಂದರೆ ತಾತ ಸ್ಟೂಲ್ ಮೇಲೆ ಕೂತಿದ್ದರು, ಇನ್ನೊಂದು ಪ್ಯಾಂಟು ತಂದು. "ಏನಾಯ್ತಮ್ಮಾ? ಹತ್ತಿಸಿಕೊಂಡ್ರಾ?"

ಏಪ್ರಿಲ್ 14

ಸಿಕ್ತು.

ಅಮ್ಮ ಕೊರಳಲ್ಲಿದ್ದ ಟೇಪಿನಿಂದಲೇ ಕಣ್ಣು ಒರೆಸಿಕೊಂಡಳು. ಬೀದಿಗೆಲ್ಲಾ ಸುದ್ದಿ ಹಂಚಿದ್ದು ತಾತ. ಕಟಿಂಗ್ ಶಾಪು, ಔಷಧಿ ಅಂಗಡಿ, ಸೈಕಲ್ ಶಾಪು — "ನನ್ನ ಕಥೆ ಹೇಳಿ ಸೀಟು ಹಿಡಿದಳು ಕಣ್ರೀ."

"ಇಂಜೆಕ್ಷನ್ ವಿಷಯ ಹೇಳಿದ್ಯಾ?"

"ಹೇಳಿದೆ."

"ನಕ್ಕರಾ?"

"ನಕ್ಕರು ತಾತ."

"ಕೊನೇಲಿ ಏನು ಹೇಳಿದೆ?"

ಅಷ್ಟರಲ್ಲಿ ಗಿರಾಕಿ ಬಂದರು. ದೇವರು ಬಂದ ಹಾಗೆ.

ಏಪ್ರಿಲ್ 21

ಲೈಬ್ರರಿಯಿಂದ ಫೋನು. ಈ ಭಾನುವಾರ ನಾನು ಮಾತಾಡಬೇಕಂತೆ, ಸೀಟು ಸಿಕ್ಕವಳು ಅಂತ. ಜ್ವರ ಅಂದೆ. ಇನ್ನೂ ಆರು ದಿನ ಇದೆಯಲ್ಲ, ಬಿಡುತ್ತೆ ಅಂದರು. ನನ್ನ ಹೆಸರು ಹೇಳಿದ್ದೇ ಆ ಕನ್ನಡಕದ ಡಾಕ್ಟರಮ್ಮ. ಅವರೂ ಬರ್ತಾರಂತೆ.

"ಇಂಟರ್‌ವ್ಯೂನಲ್ಲಿ ಹೇಳಿದ್ದನ್ನೇ ಹೇಳು ಅಕ್ಕಾ. ಒಂದಕ್ಷರ ಬದಲಾಯಿಸ್ಬೇಡ" ಅಂದಳು ತಂಗಿ. ಅವಳ ಮುಖವೂ ಸಪ್ಪಗಿತ್ತು.

ತಾತನಿಗೆ ಹೇಳ್ಬೇಡ ಅಂತ ಅಮ್ಮನಿಗೆ ಹೇಳೋಣ ಅಂದ್ಕೊಂಡೆ. ಯಾಕೆ ಅಂತ ಕೇಳಿದರೆ?

ಏಪ್ರಿಲ್ 24

ಅಮ್ಮ ಹೇಳಿಬಿಟ್ಟಿದಾಳೆ.

ಏಪ್ರಿಲ್ 27, ಭಾನುವಾರ, ಬೆಳಿಗ್ಗೆ 10.40

ಲೈಬ್ರರಿ ರೂಮು. ಮುಂದಿನ ಕುರ್ಚಿಯಲ್ಲಿ ಕೂರಿಸಿದ್ದಾರೆ. ಪಾಯಿಂಟ್ಸ್ ಬರ್ಕೋತಿದೀನಿ ಅಂದ್ಕೊಂಡಿದ್ದಾರೆ ಎಲ್ಲರೂ. ಇಸ್ತ್ರಿ ಪೆಟ್ಟಿಗೆ ಆಫ್ ಮಾಡಿದ್ನಾ... ಹೋಗಿ ನೋಡ್ಕೊಂಡು ಬರ್ತೀನಿ ಅನ್ನಬಹುದು. ಅಂಗಡಿಗೆ ಬೆಂಕಿ ಬಿದ್ದಿದೆ ಅಂತ ಯಾರಾದರೂ ಓಡಿ ಬರಬಾರದಾ.

ನಿನ್ನೆ ತಾತನಿಗೆ ಹೇಳೋಕೆ ಮನೆ ತನಕ ಹೋದೆ. ಅಂಗಿಗೆ ಇಸ್ತ್ರಿ ಹಾಕ್ತಾ ಕೂತಿದ್ದರು. "ಕಾಲರ್ ಸರಿ ಇದ್ಯಾ ನೋಡಮ್ಮಾ" ಅಂದರು. ಸರಿ ಇದೆ ಅಂದು ಬಂದೆ.

ಬಂದರು. ನಾನು ಸೊಂಟ ಹಿಡಿದ ಪ್ಯಾಂಟು. ಒಬ್ಬ ಹುಡುಗ ಎದ್ದು ಕುರ್ಚಿ ಕೊಟ್ಟ, ಹಿಂದಿನ ಸಾಲಲ್ಲಿ. ಪಕ್ಕದ ಕುರ್ಚಿಗೆ ಡಾಕ್ಟರಮ್ಮ. ಬೇರೆ ಜಾಗವೇ ಇರಲಿಲ್ವಾ. ತಾತ ಏನೋ ಕೇಳ್ತಿದ್ದಾರೆ — 'ಎಲ್ಲಿಗೆ' ಅಂತಾನೇ ಇರಬೇಕು. ಡಾಕ್ಟರಮ್ಮ ನಕ್ಕರು. ನಕ್ಕು, ತಲೆ ಓರೆ ಮಾಡಿ ಅವರನ್ನೇ ನೋಡಿದರು. ಏನೋ ಕೇಳಿದರು.

ತಾತ ನನ್ನ ಕಡೆ ಬೆರಳು ತೋರಿಸಿದರು. ಆಮೇಲೆ ತಮ್ಮ ಎದೆ ಮುಟ್ಟಿಕೊಂಡರು.

ನನ್ನ ಹೆಸರು ಕೂಗ್ತಿದ್ದಾರೆ. ಡಾಕ್ಟರಮ್ಮ ಕನ್ನಡಕ ತೆಗೆದು ನನ್ನನ್ನೇ ನೋಡ್ತಿದ್ದಾರೆ. ಏಳ್ಬೇಕು. ಎದ್ದು