ಸಲಹೆಗಳನ್ನು ಹೃತ್ಪೂರ್ವಕವಾಗಿ ಸ್ವೀಕರಿಸುವ ಮುಖ್ಯೋಪಾಧ್ಯಾಯರಿಗೆ

ಪತ್ರಿಕೆಯ ಈ ಪುಟ ಕಂಡ ಕೂಡಲೇ "ಅಯ್ಯೋ, ಮುದುಕಿ ಶುರು ಹಚ್ಚಿಕೊಂಡಳು" ಎಂದು ಮಗುಚಿ ಹಾಕಲು ಹೊರಟ ಪೋಷಕರೇ, ನಿಲ್ಲಿ. ನಿಮಗೇ ಹೇಳುತ್ತಿರುವುದು. ಪೋಷಕರ ಸಭೆಯಲ್ಲಿ ಕೈ ಕೆಂಪಾಗುವ ಹಾಗೆ ಚಪ್ಪಾಳೆ ತಟ್ಟಿದವರು ನೀವೇ ತಾನೆ? ಯಾತಕ್ಕೆ ತಟ್ಟಿದಿರಿ ಎಂದು ಕೇಳಿದರೆ ಒಬ್ಬರಿಗೂ ಗೊತ್ತಿಲ್ಲ. ಕೂತು ಪೂರ್ತಿ ಓದಿ, ಗೊತ್ತಾಗುತ್ತದೆ.

ಮಾನ್ಯ ಮುಖ್ಯೋಪಾಧ್ಯಾಯರೇ, ವಿಷಯ ಇಷ್ಟೆ. ಹುಡುಗಿ ಎಂಬ ಒಂದೇ ಕಾರಣಕ್ಕೆ ನನ್ನ ಮೊಮ್ಮಗಳನ್ನು ನಿಮ್ಮ ಶಾಲೆಯ ವರ್ಕ್‌ಶಾಪಿನೊಳಗೆ ಬಿಡುತ್ತಿಲ್ಲ. ಹುಡುಗಿಯರನ್ನೂ ಒಳಗೆ ಬಿಡಿ ಎಂದು ನಿಮಗೆ ಹೇಳಿದವರು ದಾರಿಹೋಕರಲ್ಲ. ನೀವೇ ಕರೆತಂದು ಕೂರಿಸಿಕೊಂಡ ಸಲಹೆಗಾರರು.

ಶಾಲೆಯ ಗೇಟಿನ ಪಕ್ಕ ಅವರ ಪಟಗಳಿವೆ, ನನಗಿಂತ ಎತ್ತರ. ಒಬ್ಬರು ನಿವೃತ್ತ ನ್ಯಾಯಾಧೀಶೆ, ಒಬ್ಬರು ಹೃದಯ ಕೊಯ್ದು ಸರಿಮಾಡುವ ಡಾಕ್ಟರು, ಇನ್ನೊಬ್ಬರು ಸೇತುವೆ ಕಟ್ಟುವ ಎಂಜಿನಿಯರು. ಮಕ್ಕಳನ್ನು ಸೇರಿಸಲು ಬಂದ ತಾಯಂದಿರು ಅಲ್ಲಿ ನಿಂತು "ನೋಡೇ, ನೀನೂ ಹಿಂಗಾಗ್ಬೇಕು" ಎನ್ನುತ್ತಾರೆ. ಒಳಗೆ ಹೋದ ಮೇಲೆ ಆ ಹುಡುಗಿಯರ ಗತಿಯೇನು? ಹುಡುಗರು ಲೇತ್ ಯಂತ್ರದ ಮುಂದೆ ಕಬ್ಬಿಣ ಕೊರೆಯುವ ಹೊತ್ತಿನಲ್ಲಿ ಇವರು ಕರವಸ್ತ್ರದ ಅಂಚು ಹೊಲಿಯಬೇಕು. ಹೊಲಿಗೆ ಕೀಳು ಎನ್ನುತ್ತಿಲ್ಲ, ಜೀವನವೆಲ್ಲ ಹೊಲಿದವಳು ನಾನು. ಅಷ್ಟು ಒಳ್ಳೆಯ ವಿದ್ಯೆಯಾದರೆ ಗಂಡುಹುಡುಗರಿಗೆ ಆ ಭಾಗ್ಯ ಏಕಿಲ್ಲ ಸ್ವಾಮಿ?

ನನ್ನ ಮೊಮ್ಮಗಳಿಗೆ ಮನೆಯಲ್ಲಿ ತಿರುಪು ಎಂದೇ ಹೆಸರು. ಬಿಚ್ಚದ ವಸ್ತುವಿಲ್ಲ. ಗೋಡೆಯ ಫ್ಯಾನು, ನನ್ನ ಹೊಲಿಗೆ ಯಂತ್ರ, ಕೊನೆಗೆ ನನ್ನ ಕಿವಿಯ ಯಂತ್ರವನ್ನೂ ಬಿಚ್ಚಿದಳು. ಅದನ್ನು ಮತ್ತೆ ಜೋಡಿಸುವವರೆಗೆ ಮನೆಯವರೆಲ್ಲ ನನ್ನೆದುರೇ ನನ್ನನ್ನು ಮನಸಾರೆ ಬೈದುಕೊಂಡು ಹಗುರಾದರು. ವರ್ಕ್‌ಶಾಪಿಗೆ ಹೋಗಬೇಕೆಂಬುದು ಆ ಹುಡುಗಿಯ ಒಂದೇ ಹಟ.

ಆ ಪೋಷಕರ ಸಭೆಯಲ್ಲಿ ಎಂಜಿನಿಯರಮ್ಮ ಎದ್ದು ನಿಂತು, "ವರ್ಕ್‌ಶಾಪಿಗೆ ಹೆಣ್ಮಕ್ಕಳನ್ನೂ ಸೇರಿಸ್ಕೊಳ್ಳಿ ಸಾರ್. ಹಿಡಿದ ಕೈ ಯಾರದು ಅಂತ ಯಂತ್ರ ಕೇಳಲ್ಲ" ಎಂದರು. ನೀವು ಮೈಕು ಎಳೆದುಕೊಂಡು, "ಮೇಡಂ ಅವರ ಸಲಹೆಯನ್ನು ಹೃತ್ಪೂರ್ವಕವಾಗಿ ಸ್ವೀಕರಿಸಿದ್ದೇವೆ!" ಎಂದು ಘೋಷಿಸಿದಿರಿ. ಚಪ್ಪಾಳೆಯೋ ಚಪ್ಪಾಳೆ. ಹೂಗುಚ್ಛ, ಫೋಟೋ, ಬಿಸ್ಕತ್ತು.

ಮಾರನೆಯ ವಾರ ನಮ್ಮ ತಿರುಪು ಹೋದರೆ ವರ್ಕ್‌ಶಾಪಿನ ಮೇಷ್ಟ್ರು, "ಜಡೆ ಯಂತ್ರಕ್ಕೆ ಸಿಕ್ಕೊಳ್ಳತ್ತೆ ಕಣಮ್ಮ" ಎಂದು ಹೊರಗೆ ನಿಲ್ಲಿಸಿದರಂತೆ. ಮಾತು ಸುಳ್ಳಲ್ಲ. ಇವಳು ನೆಟ್ಟಗೆ ಮನೆಗೆ ಬಂದು ಜಡೆಯನ್ನು ಕುತ್ತಿಗೆಯವರೆಗೆ ಕತ್ತರಿಸಿಕೊಂಡಳು! ನನ್ನ ಸೊಸೆ ಜಡೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. ಮಗ, "ಹೋಯ್ತಲ್ಲೇ ಅಷ್ಟುದ್ದ ಕೂದ್ಲು!" ಎಂದು ತಲೆ ಚಚ್ಚಿಕೊಂಡ.

"ಕೂದ್ಲು ಮತ್ತೆ ಬರತ್ತಪ್ಪ, ಒಂಬತ್ತನೇ ಕ್ಲಾಸು ಮತ್ತೆ ಬರಲ್ಲ" ಎಂದಳು ಹುಡುಗಿ.

ಬೋಳು ಕುತ್ತಿಗೆ ಹೊತ್ತು ಹೋದವಳಿಗೆ ಮೇಷ್ಟ್ರು ಈಗ ಹೇಳಿದ್ದು, "ಹೆಡ್‌ಮಾಸ್ಟರ ಆರ್ಡರ್ ಇಲ್ವಲ್ಲಮ್ಮ."

ನಿಮ್ಮ ಕೋಣೆಗೆ ಬಂದೆ, ನೆನಪಿದೆಯೇ? ಸಲಹೆಗಾರರಿಗೆಂದು ತರಿಸಿದ ಕುರ್ಚಿಗಳ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಕೂತರೆ ಚರಚರ ಸದ್ದು.

"ಅಜ್ಜೀ, ಸ್ವೀಕರಿಸೋದು ಅಂದ್ರೆ ತಗೊಳ್ಳೋದು. ಒಪ್ಕೊಳ್ಳೋದು ಬೇರೆ. ಒಪ್ಪಿದೀವಿ ಅಂತ ನಾನು ಯಾವಾಗ ಹೇಳ್ದೆ?" ಎಂದು ನಕ್ಕಿರಿ.

"ತಗೊಂಡು ಎಲ್ಲಿಟ್ರಿ ಸಾರ್?" ಎಂದೆ.

"ಪರಿಶೀಲನೇಲಿದೆ" ಎಂದಿರಿ.

ಭಲೇ! ಹಳ್ಳಿ ಶಾಲೆಯಲ್ಲಿ ನಾಲ್ಕನೇ ಇಯತ್ತೆ ದಾಟದ ನನಗೆ ಈ ವ್ಯಾಕರಣ ಯಾರೂ ಕಲಿಸಿರಲಿಲ್ಲ. ಕೇಳುವವರ ಕಿವಿಗೆ ಒಪ್ಪಿಗೆ, ಹೇಳುವವರ ಲೆಕ್ಕದಲ್ಲಿ ಬರೀ ರಸೀದಿ! ಅದಿರಲಿ, ಅಂಚೆಯವನ ಕೈಯಿಂದ ಲಕೋಟೆ ಇಸಿದುಕೊಳ್ಳುವಾಗ ಯಾರಾದರೂ ಹೃತ್ಪೂರ್ವಕವಾಗಿ ಇಸಿದುಕೊಳ್ಳುತ್ತಾರೆಯೇ? ಆ ಪದವನ್ನು ಮುಂದೆ ಅಂಟಿಸಿದ್ದು ಏತಕ್ಕೆ? ನಾವು ಮೋಸಹೋಗಲಿ ಎಂದಲ್ಲದೆ ಇನ್ನೇತಕ್ಕೆ?

ಎಂಜಿನಿಯರಮ್ಮ ಮುಂದಿನ ಸಭೆಗೆ ಬಂದ ದಿನ ಗೇಟಿನಲ್ಲೇ ಅಡ್ಡ ಹಾಕಿದೆ. "ನಾನ್ ಹೇಳಿದ್ದನ್ನೆಲ್ಲ ಸ್ವೀಕರಿಸಿದಾರಲ್ಲಮ್ಮ, ಒಂದಕ್ಕೂ ಇಲ್ಲ ಅಂದಿಲ್ಲ" ಎಂದರು, ಪಾಪ, ಹೆಮ್ಮೆಯಿಂದ. ನಿಮ್ಮ ವ್ಯಾಕರಣ ವಿವರಿಸಿದೆ. ಅವರು ತಮ್ಮದೇ ಪಟದತ್ತ ತಿರುಗಿ ಹೇಳಿದರು: "ಸೇತುವೆ ಕೆಲಸದಲ್ಲಿ ಜಗಳ ಇಲ್ದೆ ಒಂದು ಕಂಬಿಯನ್ನೂ ಯಾರೂ ಒಪ್ಪಲ್ಲ. ಇಲ್ಲಿ ಯಾರೂ ಜಗಳಾನೇ ಆಡ್ಲಿಲ್ಲ. ಆಗ್ಲೇ ಅನುಮಾನ ಬರ್ಬೇಕಿತ್ತು."

ಬರಬೇಕಿತ್ತು ತಾಯಿ. ನಿಮ್ಮ ಮೇಲೂ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಅಷ್ಟು ಓದಿದವರು, ಅಷ್ಟು ಗಂಡಸರ ನಡುವೆ ಗುದ್ದಾಡಿ ಮೇಲೆ ಬಂದವರು ಇಲ್ಲಿ ಹೂಗುಚ್ಛ ಹಿಡಿದು ಮನೆಗೆ ಹೋದಿರಲ್ಲ? ಹೋದ ಸಲ ಹೇಳಿದ್ದು ಏನಾಯಿತು ಎಂದು ಕೇಳಲು ಮೂವರಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲವೇ? ನೀವು ಕೇಳದಿದ್ದರೆ ಈ ಶಾಲೆಯವರಿಗೆ ಬೇಕಾದದ್ದು ನಿಮ್ಮ ಮುಖವೊಂದೇ, ಅದು ಈಗಾಗಲೇ ಗೇಟಿನ ಪಕ್ಕದಲ್ಲಿದೆ.

ಮುಖ್ಯೋಪಾಧ್ಯಾಯರೇ, ತಿರುಗಿ ನಿಮ್ಮ ಕಡೆಗೇ ಬಂದೆ. ಈ ತಿಂಗಳು ಮುಗಿದರೆ ವರ್ಕ್‌ಶಾಪಿನ ಸೇರ್ಪಡೆ ಮುಗಿಯುತ್ತದೆ. ನಿಮ್ಮ ಪರಿಶೀಲನೆ ಮುಗಿಯುವ ಹೊತ್ತಿಗೆ ನನ್ನ ಮೊಮ್ಮಗಳು ಶಾಲೆಯನ್ನೇ ಮುಗಿಸಿರುತ್ತಾಳೆ. ನೀವು ಕಾಯುತ್ತಿರುವುದೂ ಅದಕ್ಕೇ ಎಂದು ನನಗೆ ಗುಮಾನಿ. ಆದ್ದರಿಂದ ಇದೇ ಪತ್ರಿಕೆಯಲ್ಲಿ, ಎಲ್ಲರೂ ಓದುವ ಹಾಗೆ ಹೇಳಿ: ಅವಳು ಒಳಗೋ ಹೊರಗೋ? ಹೊರಗೆ ಎನ್ನುವುದಾದರೆ ಕಾರಣವನ್ನು ಮೂವರು ಸಲಹೆಗಾರರ ಎದುರು ಆ ಹುಡುಗಿಯ ಮುಖ ನೋಡಿಕೊಂಡು ಹೇಳಿ. ಮುಂದಿನ ತಿಂಗಳು ಹುಟ್ಟುವ ಮೊದಲು ಉತ್ತರ ಬರಬೇಕು.

ಇಂತಿ,
ನಿಮ್ಮಂಥವರ ಶಾಲೆಯಲ್ಲಿ ಓದಿದ್ದರೆ ಇದನ್ನೇ ನಯವಾಗಿ ಬರೆಯುತ್ತಿದ್ದ,
(ನಯವಾಗಿ ಬರೆದಿದ್ದರೆ ನೀವು ಓದುತ್ತಲೂ ಇರಲಿಲ್ಲ!)
ಒಂಬತ್ತನೇ ತರಗತಿ ಹುಡುಗಿಯೊಬ್ಬಳ ಅಜ್ಜಿ