ನೀವೇ ಕೊಟ್ಟ ಗುರುತು, ನೀವೇ ಕಸಿದ ಏಣಿ

ಕ್ಷೇತ್ರದ ಚುನಾವಣಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ಕಚೇರಿಯ ಹಿತ್ತಲಲ್ಲಿ, ಸೈಕಲ್ ಸ್ಟ್ಯಾಂಡಿನ ಗೋಡೆಗೆ ಒರಗಿಸಿ, ಬಿಳಿ ಬಟ್ಟೆ ಸುತ್ತಿ, ಅರಗಿನ ಮೊಹರು ಹಾಕಿ ನಿಲ್ಲಿಸಿರುವ ಬಿದಿರಿನ ಏಣಿ ನನ್ನದು. ಅದನ್ನು ವಾಪಸ್ ಕೊಡಿ. ಚುನಾವಣೆ ಮುಗಿದಿದೆ. ಗೆದ್ದವರು ರಾಜಧಾನಿಗೆ ಹೋಗಿ ಪ್ರಮಾಣವಚನವನ್ನೂ ಸ್ವೀಕರಿಸಿದ್ದಾರೆ. ಪಕ್ಷೇತರನಾಗಿ ಸಂಸತ್ತಿಗೆ ನಿಂತಿದ್ದ ನಾನು ಸೋತು ಸುಣ್ಣವಾಗಿದ್ದೇನೆ. ಸುಣ್ಣಬಣ್ಣ ಹೊಡೆಯುವವನು ಸೋತು ಸುಣ್ಣವಾಗದೆ ಇನ್ನೇನಾಗುತ್ತಾನೆ ಎಂದು ನೀವು ನಗಬಹುದು, ನಗಿ. ಆದರೆ ಏಣಿ ಯಾವ ತಪ್ಪಿಗೆ ಇನ್ನೂ ಸೆರೆಯಲ್ಲಿದೆ? ಸಾಲದ್ದಕ್ಕೆ, ‘ಮತಗಟ್ಟೆಯ ಆವರಣದಲ್ಲಿ ಚುನಾವಣಾ ಚಿಹ್ನೆಯನ್ನು ಪ್ರದರ್ಶಿಸಿದ ಕಾರಣ ಮುಂದಿನ ಚುನಾವಣೆಗಳಲ್ಲಿ ಸ್ಪರ್ಧಿಸದಂತೆ ನಿಮ್ಮನ್ನು ಏಕೆ ನಿರ್ಬಂಧಿಸಬಾರದು’ ಎಂದು ನೋಟಿಸ್ ಬೇರೆ ಕಳಿಸಿದ್ದೀರಿ. ಉತ್ತರಕ್ಕೆಂದು ಅದರಲ್ಲಿ ಬಿಟ್ಟಿರುವ ಜಾಗ ಬೆರಳಗಲ. ನನ್ನ ಉತ್ತರ ಅದರಲ್ಲಿ ಹಿಡಿಸುವಂಥದ್ದಲ್ಲ, ಆದ್ದರಿಂದ ಊರೆಲ್ಲ ಓದಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇನೆ.

ಪೇಂಟರ್‌ಗೆ ಈ ಭಾಷೆಯೆಲ್ಲ ಎಲ್ಲಿಂದ ಬಂತು ಎಂದು ನಿಮ್ಮ ಗುಮಾಸ್ತರು ಹುಬ್ಬೇರಿಸುವ ಮೊದಲೇ ಹೇಳಿಬಿಡುತ್ತೇನೆ. ನೆಲಕ್ಕೆ ಬಣ್ಣ ಸಿಡಿಯದಿರಲೆಂದು ಹಳೇ ಪತ್ರಿಕೆ ಹಾಸಿಕೊಂಡು ಕೆಲಸ ಮಾಡುವವರು ನಾವು. ಹಾಸುವ ಮೊದಲು ಓದುವುದು ನನ್ನ ಚಟ. ಸಂಪಾದಕೀಯಗಳನ್ನೆಲ್ಲ ಭಕ್ತಿಯಿಂದ ಓದಿ, ಆಮೇಲೆ ಅವುಗಳ ಮೇಲೆ ಬಕೆಟ್ ಇಟ್ಟವನು ನಾನು. ಪ್ರಜಾಪ್ರಭುತ್ವದಲ್ಲಿ ಯಾರು ಬೇಕಾದರೂ ಚುನಾವಣೆಗೆ ನಿಲ್ಲಬಹುದು ಎಂಬ ಮಾತನ್ನು ನಂಬಿ ಕೆಟ್ಟದ್ದೂ ಅಲ್ಲಿಂದಲೇ.

ಶೋಕಿಗೆ ನಿಂತದ್ದಲ್ಲ ಸ್ವಾಮೀ. ನನ್ನ ಅಣ್ಣನೂ ಪೇಂಟರ್. ನನಗೆ ಬ್ರಷ್ ಹಿಡಿಯಲು ಕಲಿಸಿದವನೇ ಅವನು. ಒಂದು ಸರ್ಕಾರಿ ಕಟ್ಟಡದ ಹೊರಗೋಡೆಗೆ ಬಣ್ಣ ಹೊಡೆಯುತ್ತಿದ್ದಾಗ ಏಣಿಯ ಮೇಲಿಂದ ಬಿದ್ದ. ಸೊಂಟಕ್ಕೆ ಕಟ್ಟಿಕೊಳ್ಳಲು ಹಗ್ಗ ಕೊಟ್ಟಿರಲಿಲ್ಲ, ಕೆಳಗೆ ಬಲೆ ಕಟ್ಟಿರಲಿಲ್ಲ. ಅಂದಿನಿಂದ ಅವನ ಕಾಲೆರಡೂ ಸ್ವಾಧೀನದಲ್ಲಿಲ್ಲ. ಪರಿಹಾರ ಕೇಳಲು ಕಾರ್ಮಿಕ ಇಲಾಖೆಗೆ ಹೋದರೆ, ದಿನಗೂಲಿಯವನ ಹೆಸರು ಹಾಜರಿಯಲ್ಲಿ ಇರುವುದಿಲ್ಲವಾದ್ದರಿಂದ ಕಾನೂನಿನ ಪ್ರಕಾರ ನಿಮ್ಮಣ್ಣ ಕಾರ್ಮಿಕನೇ ಅಲ್ಲ ಎಂದರು. ಹಾಗಾದರೆ ಆ ಗೋಡೆಯ ಮೇಲೆ ಇದ್ದದ್ದು ಯಾರು, ಹಲ್ಲಿಯೇ? ಅಲ್ಲಿನ ಗುಮಾಸ್ತರು ತಲೆಯೆತ್ತದೆ ಹೇಳಿದರು: “ಕಾನೂನು ಮಾಡೋರು ನಾವಲ್ಲಪ್ಪ. ಅದು ಸಂಸತ್ತಲ್ಲಿ ಬದಲಾಗ್ಬೇಕು. ಬೇಕಾದ್ರೆ ಅಲ್ಲಿಗೇ ಹೋಗಿ ಕೇಳ್ಕೋ.”

ಹೊರಟೇಬಿಟ್ಟೆ. ಮೊದಲು ಪಕ್ಷಗಳ ಬಾಗಿಲು ತಟ್ಟಿದೆ, ನೀವಾದರೂ ಈ ಮಾತೆತ್ತಿ ಎಂದು ಕೈಮುಗಿದೆ. ಎಲ್ಲರೂ ‘ನೋಡೋಣ’ ಎಂದರು. ಒಬ್ಬರು ಸಮಾವೇಶ ನಡೆಯುವಷ್ಟರೊಳಗೆ ಪಕ್ಷದ ಕಚೇರಿಯ ಮುಂಭಾಗಕ್ಕೆ ಬಣ್ಣ ಹೊಡೆದು ಕೊಡಲು ಆಗುತ್ತದೆಯೇ ಎಂದು ಕೇಳಿದರು. ಪಕ್ಷೇತರನಾಗಿ ನಿಲ್ಲುತ್ತೇನೆ ಎಂದಾಗ ಅತ್ತಿಗೆ ಕೈಲಿದ್ದ ಸೌಟು ಕೆಳಗಿಟ್ಟು, “ಅಯ್ಯೋ, ನಿಂಗೇನು ತಲೆ ಕೆಟ್ಟಿದ್ಯಾ? ಮನೇಲಿ ಒಬ್ರು ಬಿದ್ದಿರೋದು ಸಾಲ್ದಾ?” ಎಂದು ರೇಗಿದರು. ಮಂಚದ ಮೇಲಿಂದ ಅಣ್ಣ, “ಹೋಗ್ಲಿ ಬಿಡೇ, ಏಣಿ ಹತ್ತೋದು ಅವನಿಗೇನು ಹೊಸದಾ?” ಎಂದ. ಆ ಮಾತೇ ನನಗೆ ಟಿಕೆಟ್ಟು.

ನಾಮಪತ್ರಕ್ಕೆ ಹೆಸರು ಸೂಚಿಸಿ ರುಜು ಹಾಕಲು ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರನಿಗೆ ಒಂದು ಹಿಂಡು ಬೇಕು. ಕರೆತಂದೆ. ಎಲ್ಲ ನಮ್ಮ ಕಸುಬಿನವರೇ, ಅವರ ಹೆಬ್ಬೆರಳಿಗೆ ಬಣ್ಣ ಮೆತ್ತಿದೆ, ಗುರುತು ಸರಿಯಾಗಿ ಮೂಡುವುದಿಲ್ಲ ಎಂದು ಹಿಂದಕ್ಕೆ ಕಳಿಸಿದಿರಿ. ಸೀಮೆಎಣ್ಣೆಯಲ್ಲಿ ತೊಳೆಸಿ ಮತ್ತೆ ಕರೆತಂದೆ. ಆಮೇಲೆ ನೀವು ಚಿಹ್ನೆಗಳ ಹಾಳೆ ಮುಂದಿಟ್ಟಿರಿ: ಬಾಚಣಿಗೆ, ಸೀಟಿ, ಸೋಪಿನ ಡಬ್ಬಿ, ಏಣಿ. ಕುರ್ಚಿಯೂ ಇತ್ತು, ಅದನ್ನು ಟಿಕೆಟ್ ಸಿಗದೆ ಮುನಿಸಿಕೊಂಡು ಬಂದಿದ್ದ ಸಾಹುಕಾರರೊಬ್ಬರು ಆಗಲೇ ಹಾರಿಸಿದ್ದರು. ನಾನು ಏಣಿ ಎಂದೆ. “ಒಳ್ಳೇ ಗುರುತು ಕಣ್ರೀ, ಮೇಲಕ್ಕೆ ಹೋಗ್ತೀರಿ” ಎಂದು ನಕ್ಕವರು ತಾವೇ. ನೆನಪಿದೆಯೇ?

ಮಾರನೆಯ ಬೆಳಿಗ್ಗೆ ಒಂದು ಮನೆಯ ಅಡುಗೆಕೋಣೆಗೆ ಬಣ್ಣ ಹೊಡೆಯಲು ಹೊರಟೆವು. ಏಣಿಯ ಮುಂದಿನ ತುದಿಗೆ ನನ್ನ ಜೊತೆಗಾರ ಉದ್ದಣ್ಣ, ಹಿಂದಿನ ತುದಿಗೆ ನಾನು. ತಿರುವಿನಲ್ಲಿ ನಿಮ್ಮ ತಪಾಸಣಾ ತಂಡದವರು ಜೀಪು ಅಡ್ಡ ಹಾಕಿದರು. ಅಭ್ಯರ್ಥಿ ಇದ್ದಾನೆ, ಚಿಹ್ನೆ ಇದೆ, ಬೆಂಬಲಿಗನೂ ಇದ್ದಾನೆ. ಅಂದಮೇಲೆ ಇದು ಮೆರವಣಿಗೆ, ಅನುಮತಿ ಎಲ್ಲಿ? ಮೆರವಣಿಗೆಯಲ್ಲ ಸಾರ್, ಹೊಟ್ಟೆಪಾಡು ಎಂದರೆ ಕೇಳುವವರು ಯಾರು? ಇನ್ನು ಮುಂದೆ ಏಣಿಗೆ ಬಟ್ಟೆ ಹೊದಿಸಿಕೊಂಡೇ ಓಡಾಡಬೇಕೆಂದು ಅಪ್ಪಣೆಯಾಯಿತು. ಬಟ್ಟೆ ಸುತ್ತಿದ ಉದ್ದನೆಯ ವಸ್ತುವನ್ನು ಇಬ್ಬರು ಹೆಗಲ ಮೇಲೆ ಹೊತ್ತು ನಡೆದರೆ ಜನ ಏನೆಂದುಕೊಳ್ಳುತ್ತಾರೆ? ಅಂಗಡಿಯವರು ಎದ್ದು ನಿಂತರು. ಕಟ್ಟೆಯ ಮೇಲೆ ಕೂತಿದ್ದ ಅಜ್ಜಿ, “ಯಾರಪ್ಪಾ ಹೋದ್ರು?” ಎಂದು ಮರುಗಿದರು. ಉದ್ದಣ್ಣ, “ಹೋಗಿಲ್ಲ ಅಜ್ಜೀ, ಎಲೆಕ್ಷನ್‌ಗೆ ನಿಂತಿದೆ” ಎಂದ. ಅದೇ ಹೊತ್ತಿಗೆ ಪಕ್ಷವೊಂದರ ಕಾರುಗಳ ಸಾಲು ಧ್ವನಿವರ್ಧಕ ಅರಚಿಸುತ್ತ ನಮ್ಮನ್ನು ಗೋಡೆಗೆ ಒತ್ತಿಕೊಂಡು ಹೋಯಿತು, ನಿಮ್ಮ ಜೀಪು ಅದಕ್ಕೆ ದಾರಿ ಬಿಟ್ಟು ಪಕ್ಕಕ್ಕೆ ಸರಿಯಿತು.

ಇಷ್ಟನ್ನೂ ನುಂಗಿಕೊಂಡೆ. ಮತದಾನದ ದಿನದ್ದನ್ನು ಮಾತ್ರ ನುಂಗಲಾರೆ.

ಬಿದ್ದ ಮೇಲೆ ಅಣ್ಣ ಹೊಸಿಲು ದಾಟಿರಲಿಲ್ಲ. ಅಂದು ಬೆಳಿಗ್ಗೆಯೇ ಗಡ್ಡ ಹೆರೆಸಿಕೊಂಡ, ಇಸ್ತ್ರಿ ಅಂಗಿ ಕೇಳಿ ಹಾಕಿಸಿಕೊಂಡ. “ನಿಂಗೆ ಬೇರೆ ಯಾರು ಹಾಕ್ತಾರೋ ಇಲ್ವೋ, ನಂದೊಂದು ಗ್ಯಾರಂಟಿ” ಎಂದ. ಅಶಕ್ತರಿಗೆ ಗಾಲಿಕುರ್ಚಿಯ ವ್ಯವಸ್ಥೆ ಇದೆಯೆಂದು ನೀವು ಊರ ತುಂಬ ಫಲಕ ಹಾಕಿಸಿದ್ದಿರಿ. ಇತ್ತು ನಿಜ, ಮತಗಟ್ಟೆಯ ಮೂಲೆಯಲ್ಲಿ, ಒಂದು ಗಾಲಿಯಿಲ್ಲದೆ, ಮೈತುಂಬ ಕಾಗದದ ಕಟ್ಟು ಹೊತ್ತುಕೊಂಡು. ನಮ್ಮ ಓಣಿಯೋ ಬರೀ ಮೆಟ್ಟಿಲು. ನಮ್ಮ ಕಸುಬಿನವರಲ್ಲಿ ಒಂದು ರೂಢಿಯಿದೆ: ಬಿದ್ದವನನ್ನು ಅವನು ಬಿದ್ದ ಏಣಿಯ ಮೇಲೆಯೇ ಹೊತ್ತೊಯ್ಯುತ್ತೇವೆ. ಏಣಿಗೆ ಕೆಟ್ಟ ಹೆಸರು ಬರಬಾರದೆಂದು ಹಿರಿಯರು ಮಾಡಿದ್ದು. ಅಣ್ಣ ಬಿದ್ದಾಗ ಆಸ್ಪತ್ರೆಗೆ ಹೊತ್ತದ್ದು ಇದೇ ಏಣಿಯ ಮೇಲೆ. ಅಂದೂ ಹಾಗೇ ಮಾಡಿದೆವು. ಹಾಸಿಗೆ ಹಾಸಿ, ಅವನನ್ನು ಮಲಗಿಸಿ, ಮೂಲೆಗೊಬ್ಬರಂತೆ ಹೆಗಲು ಕೊಟ್ಟೆವು. ಓಣಿಯ ತುಂಬ ಅವನದೇ ತಮಾಷೆ. “ನಿಧಾನ ಕಣ್ರೋ, ಎರಡನೇ ಸಲ ಬೀಳ್ಸಿದ್ರೆ ಎದುರು ಪಕ್ಷಕ್ಕೆ ಹಾಕ್ಬಿಡ್ತೀನಿ!”

ಮತಗಟ್ಟೆಯ ಜಗಲಿಯಲ್ಲಿ ನಿಮ್ಮ ಅಧಿಕಾರಿ ಎದ್ದು ಬಂದರು.

“ಏನ್ರೀ ಇದು?”

“ನಮ್ಮಣ್ಣ ಸಾರ್.”

“ಅಣ್ಣನ ಕೆಳಗೆ?”

“ಹಾಸಿಗೆ.”

“ಹಾಸಿಗೆ ಕೆಳಗೆ?”

ಆಗಲೇ ನನಗೆ ಹೊಳೆದದ್ದು. ಅಯ್ಯೋ ಶಿವನೇ! ಅಷ್ಟು ದಿನ ಏಣಿಗೆ ಬಟ್ಟೆ ಸುತ್ತಿಕೊಂಡು ಓಡಾಡಿದವರು ನಾವೇ, ಆ ದಿನ ಮಾತ್ರ ಒಬ್ಬನಿಗಾದರೂ ಅದು ಗುರುತು ಎಂದು ನೆನಪಾಗಿರಲಿಲ್ಲ. ನಮ್ಮ ಕಣ್ಣಿಗೆ ಅದು ಬರೀ ಏಣಿ. ತಪ್ಪಾಯಿತು ಎಂದೆ, ಅಣ್ಣನನ್ನು ತೋಳಲ್ಲಿ ಎತ್ತಿಕೊಂಡು ಒಳಗೆ ಹೋಗುತ್ತೇನೆ ಎಂದು ಬೇಡಿಕೊಂಡೆ. ಆಗುವುದಿಲ್ಲವಂತೆ. ಚಿಹ್ನೆಯ ಮೇಲೆ ಬಂದವನು ಉಲ್ಲಂಘನೆಯ ಭಾಗವಂತೆ, ಮೇಲಿನವರನ್ನು ಕೇಳಬೇಕಂತೆ. ಮೇಲಿನವರು ಎಂದರೆ ತಾವು. ಅಣ್ಣನನ್ನು ಹಾಸಿಗೆ ಸಮೇತ ನೆಲಕ್ಕಿಳಿಸಿ ಏಣಿಯನ್ನು ಎತ್ತಿಕೊಂಡು ಹೋದರು. ಮರುಕಪಟ್ಟ ಸಿಬ್ಬಂದಿಯೊಬ್ಬರು ಒಂದು ಕುರ್ಚಿ ತಂದು, ಇದರಲ್ಲಾದರೂ ಕೂರಿಸಿ ಎಂದರು. ಅಣ್ಣ ನಕ್ಕ: “ಬೇಡಿ ಸಾರ್, ಕುರ್ಚಿ ಇನ್ನೊಬ್ರ ಗುರುತು. ಅದೂ ಕೇಸಾದೀತು.” ಜಗಲಿಯೆಲ್ಲ ಗೊಳ್ಳೆಂದಿತು. ನಿಮ್ಮ ಅಧಿಕಾರಿ ತಮ್ಮ ಹಿಂದಿದ್ದ ಕುರ್ಚಿಯನ್ನೊಮ್ಮೆ ನೋಡಿದರು, ಮತ್ತೆ ಅದರಲ್ಲೇ ಕೂತರು. ಆ ಕಟ್ಟಡದ ತುಂಬ ಪ್ರದರ್ಶನಕ್ಕಿಟ್ಟಿದ್ದ ಕುರ್ಚಿಗಳ ಮೇಲೆ ಯಾವ ನೋಟಿಸು ಹೋಗಿದೆ, ಮಾನ್ಯರೇ?

ಬಿಸಿಲು ಜಗಲಿಯ ಈ ತುದಿಯಿಂದ ಆ ತುದಿಗೆ ಸರಿಯಿತು. ಅತ್ತಿಗೆ ಸೆರಗಿನಿಂದ ಗಾಳಿ ಬೀಸುತ್ತಲೇ ಇದ್ದರು. ತಮ್ಮ ಉತ್ತರ ಬಂತು, ‘ಮತದಾರರನ್ನು ಒಳಗೆ ಬಿಡಬಹುದು’ ಎಂದು. ಆದರೆ ಅಷ್ಟು ಹೊತ್ತಿಗೆ ಮತದಾನದ ವೇಳೆ ಮುಗಿದು ಬಾಗಿಲು ಮುಚ್ಚಿತ್ತು. ಸರದಿಯಲ್ಲಿ ಇದ್ದವರಿಗೆ ಚೀಟಿ ಕೊಟ್ಟು ಒಳಗೆ ಬಿಟ್ಟಿರಲ್ಲ ಎಂದು ಜಗಳ ಕಾದೆ. ಚೀಟಿ ಸರದಿಯಲ್ಲಿ ನಿಂತವರಿಗೆ ಮಾತ್ರ ಎಂದರು. ಅಣ್ಣ ಮಲಗಿದ್ದ.

ಅವನನ್ನು ಬೆನ್ನ ಮೇಲೆ ಹೊತ್ತು ಓಣಿಯ ಮೆಟ್ಟಿಲು ಹತ್ತಿದೆ. ದಾರಿಯಲ್ಲಿ ಒಂದು ತಮಾಷೆಯೂ ಇಲ್ಲ. ಮನೆಯಲ್ಲಿ ಮಲಗಿಸಿದ ಮೇಲೆ ತನ್ನ ಬೆರಳನ್ನೇ ನೋಡುತ್ತ, “ಎಷ್ಟು ಬಣ್ಣ ಕಂಡಿದೆ ಈ ಬೆರಳು. ಒಂದು ಚುಕ್ಕೆ ಶಾಯಿಗೆ ಗತಿಯಿಲ್ದೆ ಹೋಯ್ತಲ್ಲೋ” ಎಂದ. ನಾನು ಹೊರಗೆ ಬಂದು ಅತ್ತೆ. ಹೇಳಿಕೊಳ್ಳಲು ನಾಚಿಕೆಯಿಲ್ಲ.

ಅವನ ಒಂದು ಮತದಿಂದ ನಾನು ಗೆಲ್ಲುತ್ತಿರಲಿಲ್ಲ, ಅಷ್ಟು ತಿಳಿಯದ ಮೂರ್ಖನಲ್ಲ. ಆದರೆ ನಾನು ನಿಂತದ್ದೇ ಅವನಿಗಾಗಿ. ಹತ್ತಿದ ಏಣಿಯನ್ನು ಒದೆಯುವವರಿಗೆ ಪ್ರಮಾಣಪತ್ರ ಕೊಟ್ಟು ಕಳಿಸುತ್ತೀರಿ, ಏಣಿ ಹೊತ್ತವನಿಗೆ ನೋಟಿಸ್ ಕೊಡುತ್ತೀರಿ. ಇದು ಯಾವ ಸೀಮೆಯ ನೀತಿಸಂಹಿತೆ? ಅಂದಹಾಗೆ, ನಿಮ್ಮ ಜವಾನರು ಬಲ್ಬು ಬದಲಿಸಲು ಅದೇ ಏಣಿಯ ಬಟ್ಟೆ ಬಿಚ್ಚಿ ಬಳಸಿ ಮತ್ತೆ ಸುತ್ತಿಡುತ್ತಾರೆಂದು ಕೇಳಿದೆ. ಬಳಸಲಿ ಪಾಪ. ಕೆಳಗಿನ ಒಂದು ಮೆಟ್ಟಿಲು ಸಡಿಲವಿದೆ, ಜೋಪಾನ ಎಂದು ಹೇಳಿ. ಬಿದ್ದರೂ ಅವರಿಗೆ ಪರಿಹಾರ ಸಿಗುತ್ತದೆ ಬಿಡಿ, ಅವರ ಹೆಸರು ಹಾಜರಿಯಲ್ಲಿದೆ.

ನಿಮ್ಮ ಪ್ರಶ್ನೆಗೆ ಇದೇ ನನ್ನ ಉತ್ತರ. ನೋಟಿಸ್ ಹಿಂದಕ್ಕೆ ತೆಗೆದುಕೊಳ್ಳಿ, ಏಣಿ ಕೊಡಿ. ಏಣಿಯಿಲ್ಲದೆ ನನಗೆ ಕೆಲಸವಿಲ್ಲ, ಕೆಲಸವಿಲ್ಲದೆ ಎರಡು ಸಂಸಾರದ ಒಲೆ ಉರಿಯುವುದಿಲ್ಲ. ಮುಂದಿನ ಚುನಾವಣೆಗೂ ನಿಲ್ಲುತ್ತೇನೆ. “ಈ ಸಲ ಕುರ್ಚಿ ಕೇಳೋ, ಅದನ್ನ ಯಾರೂ ಮುಟ್ಟಲ್ಲ” ಎನ್ನುತ್ತಾನೆ ಅಣ್ಣ. ಇಲ್ಲ, ನಾನು ಏಣಿಯನ್ನೇ ಕೇಳುತ್ತೇನೆ. ಆ ದಿನ ಅಣ್ಣ ಮತ್ತೆ ನಿಮ್ಮ ಜಗಲಿಗೆ ಬರುವುದಿಲ್ಲ. ನೀವೇ ಮತಪೆಟ್ಟಿಗೆಯನ್ನೂ ಶಾಯಿಯ ಶೀಷೆಯನ್ನೂ ಹೊತ್ತು ನಮ್ಮ ಓಣಿಯ ಮೆಟ್ಟಿಲು ಹತ್ತಿ ಬನ್ನಿ. ಅವನು ಗಡ್ಡ ಹೆರೆಸಿಕೊಂಡು, ಬೆರಳು ಚಾಚಿಕೊಂಡು ಕಾಯುತ್ತಿರುತ್ತಾನೆ.

ಇಂತಿ,
ಸ್ವಂತ ಅಣ್ಣನ ಮತವನ್ನೂ ಪಡೆಯಲಾಗದೆ ಸೋತ,
ಸದ್ಯಕ್ಕೆ ನೆಲದಿಂದ ಕೈಗೆಟುಕುವಷ್ಟು ಗೋಡೆಗೆ ಮಾತ್ರ ಬಣ್ಣ ಹೊಡೆಯುತ್ತಿರುವ
ಒಬ್ಬ ಪಕ್ಷೇತರ